ದಾಳಿಂಬೆ ಸಿಪ್ಪೆಯ ಸಾರ: ಎರಡು ಪರೀಕ್ಷೆ, ಎರಡು ಉತ್ತರ. ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ರಸ ತೆಗೆದ ಮೇಲೆ ಉಳಿಯುವ ದಾಳಿಂಬೆ ಸಿಪ್ಪೆಯಿಂದ ಆಂಟಿಆಕ್ಸಿಡೆಂಟ್ ತೆಗೆಯಲು ನೋಡುತ್ತಿದ್ದೇನೆ. ಪ್ಯುನಿಕಾಲಜಿನ್ (ದಾಳಿಂಬೆಯ ಮುಖ್ಯ ಆಂಟಿಆಕ್ಸಿಡೆಂಟ್) ಇಷ್ಟೊಂದು ಇರುವ ಸಿಪ್ಪೆ ಸುಮ್ನೆ ತಿಪ್ಪೆಗೆ ಹೋಗುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಸಿಪ್ಪೆಯನ್ನು 50 ಡಿಗ್ರಿಯಲ್ಲಿ ಒಣಗಿಸಿ ಪುಡಿ ಮಾಡಿದೆ. 1 ಗ್ರಾಂ ಪುಡಿಗೆ 20 ಮಿಲಿ ಲೆಕ್ಕದಲ್ಲಿ ಒಂದು ಭಾಗವನ್ನು ಶೇ. 60ರ ಎಥನಾಲ್‌ನಲ್ಲಿ 40 ಡಿಗ್ರಿಗೆ, ಇನ್ನೊಂದನ್ನು ಬರೀ ನೀರಲ್ಲಿ 90 ಡಿಗ್ರಿಗೆ ಒಂದು ಗಂಟೆ ಇಟ್ಟೆ. ಎರಡನ್ನೂ ಸೋಸಿದೆ.

ತಲೆ ಕೆಟ್ಟಿದ್ದು ಇಲ್ಲಿ. ಫೋಲಿನ್ ಪರೀಕ್ಷೆಯಲ್ಲಿ (ಒಟ್ಟು ಫಿನಾಲ್, ಅಂದರೆ ಪ್ಯುನಿಕಾಲಜಿನ್ ತರಹದ ವಸ್ತುಗಳು, ಎಷ್ಟಿವೆ ಅಂತ ಬಣ್ಣದಿಂದ ಅಳೆಯುವುದು) ಬಿಸಿನೀರಿನ ಸಾರಕ್ಕೇ ಫಿನಾಲ್ ಜಾಸ್ತಿ ಬಂತು. ಡಿಪಿಪಿಎಚ್‌ನಲ್ಲಿ (ನೇರಳೆ ಬಣ್ಣದ ಈ ರಾಸಾಯನಿಕವನ್ನು ಸಾರ ಎಷ್ಟು ಮಾಸಿಸುತ್ತದೆ ಅಂತ ನೋಡಿ ಆಂಟಿಆಕ್ಸಿಡೆಂಟ್ ಶಕ್ತಿ ಅಳೆಯುವ ಪರೀಕ್ಷೆ) ಮಾತ್ರ ಎಥನಾಲ್ ಸಾರವೇ ಮುಂದೆ. ಮೂರು ಸಲ ಮಾಡಿದರೂ ಅದೇ. ಸಾರದ ಬಣ್ಣವೇ ಡಿಪಿಪಿಎಚ್ ಓದುವ 517 ನ್ಯಾನೋಮೀಟರ್ ಬೆಳಕಿನಲ್ಲಿ ಅಡ್ಡ ಬರುತ್ತಿದೆಯೇನೋ ಅಂತ ಡಿಪಿಪಿಎಚ್ ಹಾಕದೆ ಬರೀ ಸಾರದ ಬ್ಲ್ಯಾಂಕ್ ಇಟ್ಟು, ಅದರ ಓದನ್ನು ಕಳೆದೂ ನೋಡಿದೆ. ಕತ್ತಲಲ್ಲಿ 30 ನಿಮಿಷ ಇಟ್ಟೇ ಓದಿದ್ದೇನೆ.

ನನಗೆ ಎರಡು ಅನುಮಾನ. ಬಿಸಿನೀರು ಸಕ್ಕರೆಯನ್ನೂ ಎಳೆದುಕೊಂಡು ಬಂದಿರಬಹುದು, ಫೋಲಿನ್ ಅದಕ್ಕೂ ಬಣ್ಣ ಕೊಡುತ್ತದಲ್ವಾ? ಇಲ್ಲವೇ ಆ ಬಿಸಿಗೆ ಪ್ಯುನಿಕಾಲಜಿನ್ ಒಡೆದು ಎಲ್ಲಾಜಿಕ್ ಆಮ್ಲವಾಗಿರಬಹುದು. ಅದು ನೀರಲ್ಲಿ ಸರಿಯಾಗಿ ಕರಗುವುದಿಲ್ಲ. ಸಾರ ತಣ್ಣಗಾದಾಗ ತಳದಲ್ಲಿ ಮಡ್ಡಿ ಕೂತಿತ್ತು, ಅದನ್ನು ನಾನು ಸೋಸಿ ಎಸೆದುಬಿಟ್ಟೆ. ಸಾರದಲ್ಲಿರುವ ಒಂದೊಂದು ವಸ್ತುವನ್ನೂ ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರ ನನ್ನ ಕೈಗೆ ಸಿಗುವುದಿಲ್ಲ.

ಈ ಕೆಲಸ ಮಾಡಿದವರು ದಯವಿಟ್ಟು ಹೇಳಿ: ಮೊದಲು ಸಾರವನ್ನು ಸಿ-18 ಕಾರ್ಟ್ರಿಡ್ಜ್‌ನಲ್ಲಿ (ಫಿನಾಲ್ ಹಿಡಿದಿಟ್ಟು ಸಕ್ಕರೆಯನ್ನು ಹೋಗಲು ಬಿಡುವ ಸಣ್ಣ ಕೊಳವೆ) ಹಾಯಿಸಿ, ಸಕ್ಕರೆ ತೆಗೆದು ಮತ್ತೆ ಫೋಲಿನ್ ಮಾಡಬೇಕೇ, ಅಥವಾ ಬಿಸಿನೀರಿನ ಸಾರ ಮತ್ತೆ ಮಾಡಿ, ಅದರ ಮಡ್ಡಿಯನ್ನು ಎಥನಾಲ್‌ನಲ್ಲಿ ಕರಗಿಸಿ ಡಿಪಿಪಿಎಚ್ ಮಾಡಬೇಕೇ?