ಬರದಲ್ಲಿ ಕಾಡು, ಕುರುಚಲು, ಎರೆ ಹುಲ್ಲುಗಾವಲು: ಮಣ್ಣಿನ ತೇವ ಹೋಲಿಸೋದು ಹೇಗೆ?

ಪ್ರಶ್ನೆ:
ಬರದ ವರ್ಷ ಮಾರ್ಚ್‌ನಲ್ಲಿ ಉಪಗ್ರಹದ ತೇವಾಂಶ ನಕ್ಷೆ ನೋಡಿದರೆ ಬಂಡೀಪುರದ ಎಲೆ ಉದುರುವ ಕಾಡೂ ಚಿತ್ರದುರ್ಗದ ಕುರುಚಲೂ ಒಂದೇ ಥರ ಒಣಗಿರುತ್ತವೆ. ಆದರೂ ಬಂಡೀಪುರದಲ್ಲಿ ಮಳೆಗೆ ಮೊದಲೇ ಎಷ್ಟೋ ಮರ ಚಿಗುರುತ್ತವೆ. ನೀರು ಎಲ್ಲಿಂದ? ಗದಗದ ಎರೆ ಹುಲ್ಲುಗಾವಲು, ಕುದುರೆಮುಖದ ಶೋಲಾ (ಬೆಟ್ಟದ ಕಣಿವೆಯ ನಿತ್ಯಹಸಿರು ಕಾಡು) ಸೇರಿಸಿ ನೆಲದಲ್ಲೇ ಅಳೆಯಬೇಕೆಂದರೆ ಏನು ಮಾಡಬೇಕು?

ಉತ್ತರ 1:
ಮಣ್ಣಿನ ತೇವ ಅಳೆಯುವ ನಾಸಾದ ಸ್ಮ್ಯಾಪ್‌ನಂಥ ಉಪಗ್ರಹ ಕಾಣೋದು ಮೇಲಿನ 5 ಸೆಂ.ಮೀ. ಮಾತ್ರ. ಬಂಡೀಪುರದ ಮೂಲೆಹೊಳೆ ಜಲಾನಯನದ ಅಧ್ಯಯನಗಳ ಪ್ರಕಾರ ಮರದ ಬೇರು ಮಣ್ಣನ್ನೂ ದಾಟಿ, ಕೆಳಗಿನ ಶಿಥಿಲ ಬಂಡೆಯ ಪದರದಿಂದ ನೀರೆಳೆಯುತ್ತದೆ. ಬರ ಆ ದಾಸ್ತಾನನ್ನು ಕರಗಿಸುತ್ತದೆ. ಮುಂದಿನ ಮಳೆ ಮೊದಲು ಆ ಸಾಲ ತೀರಿಸಬೇಕು, ಹಾಗಾಗಿ ಅಂತರ್ಜಲ ಚೇತರಿಸೋದು ತಡ. ಕುರುಚಲಿನ ಗುಡ್ಡದಲ್ಲಿ ಗೇಣು ಮಣ್ಣಿನ ಕೆಳಗೇ ಗಟ್ಟಿ ಬಂಡೆ ಇದ್ದರೆ ಅಂಥ ದಾಸ್ತಾನೇ ಇರಲ್ಲ.

ಉತ್ತರ 2:
ಬರೀ ತೇವದ ಶೇಕಡಾ ಹೋಲಿಸಬೇಡಿ, ಎಲ್ಲರೂ ಎಡವೋದು ಅಲ್ಲೇ. 0–15, 15–30, 30–60, 60–100 ಸೆಂ.ಮೀ. ಆಳದ ಮಣ್ಣನ್ನು ಮುಚ್ಚಳದ ಡಬ್ಬಿಯಲ್ಲಿ ತಂದು ತಕ್ಷಣ ತೂಗಿ. 105 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಒಣಗಿಸಿ ಮತ್ತೆ ತೂಗಿ. ಕಳೆದ ತೂಕವನ್ನು ಒಣ ತೂಕದಿಂದ ಭಾಗಿಸಿ, ಮಣ್ಣಿನ ಸಾಂದ್ರತೆಯಿಂದ (ಒಂದು ಘನ ಸೆಂ.ಮೀ. ಮಣ್ಣಿನ ಒಣ ತೂಕ, ಗ್ರಾಂನಲ್ಲಿ) ಗುಣಿಸಿ. ತೂಕದಲ್ಲಿ 15%, ಸಾಂದ್ರತೆ 1.4 ಅಂದರೆ ಗಾತ್ರದಲ್ಲಿ 21%, 30 ಸೆಂ.ಮೀ. ಪದರದಲ್ಲಿ 63 ಮಿ.ಮೀ. ನೀರು. ಮರಳು ಮಿಶ್ರಿತ ಕೆಮ್ಮಣ್ಣಿನಲ್ಲಿ ಗಿಡ ಬಾಡೋ ಮಟ್ಟ ಗಾತ್ರದಲ್ಲಿ ಸುಮಾರು 10%, ಅಂದರೆ ಇನ್ನೂ 33 ಮಿ.ಮೀ. ಬೇರಿಗೆ ಸಿಗುತ್ತದೆ. ಎರೆಯಲ್ಲಿ ಆ ಮಟ್ಟವೇ 25%ರ ಆಸುಪಾಸು. ಅದೇ 21% ಇದ್ದರೂ ಹುಲ್ಲಿಗೆ ತೊಟ್ಟೂ ಇಲ್ಲ! ಜೇಡಿ ಅದನ್ನು ಬಿಗಿಯಾಗಿ ಹಿಡಿದಿರುತ್ತದೆ.

ಎರೆ ಒಣಗಿದಾಗ ಕುಗ್ಗುತ್ತದೆ, ಸಾಂದ್ರತೆಯೂ ಬದಲಾಗುತ್ತದೆ. ಪ್ರತಿ ಸಲ ಗಾತ್ರ ಗೊತ್ತಿರುವ ಲೋಹದ ಉಂಗುರವನ್ನು ಮಣ್ಣಿಗೆ ಬಡಿದು ಸಾಂದ್ರತೆಯನ್ನು ಹೊಸದಾಗಿ ಅಳೆಯಿರಿ. ಬಿರುಕಿನ ಗೋಡೆ ಆಳದವರೆಗೂ ಗಾಳಿಗೆ ಒಣಗಿರುತ್ತದೆ, ಹೆಂಟೆಯ ನಡುಭಾಗ ಹಾಗಲ್ಲ. ಎರಡನ್ನೂ ಬೇರೆಬೇರೆ ತೆಗೆಯಿರಿ. ತೇವ ಅಳೆಯುವ ಸೆನ್ಸರ್ ನೆಟ್ಟಿದ್ದರೆ, ಅದರ ಕಡ್ಡಿಯ ಸುತ್ತ ಗಾಳಿ ಸೇರಿದಾಗ ಅದು ತೇವವನ್ನು ಕಡಿಮೆ ತೋರಿಸುತ್ತದೆ.

ಉತ್ತರ 3:
ಶೋಲಾದ ಬಗ್ಗೆ ಒಂದು ಮಾತು. ನೆರಳು, ತರಗೆಲೆ, ಮಂಜು ಇರೋದರಿಂದ ಪಕ್ಕದ ಬಯಲು ಹುಲ್ಲಿಗಿಂತ ಅಲ್ಲಿನ ಮೇಲ್ಮಣ್ಣು ನಿಧಾನವಾಗಿ ಒಣಗುತ್ತದೆ. ಆದರೆ ಆ ಕಪ್ಪು ಸಾವಯವ ಮಣ್ಣು ಪೂರ್ತಿ ಒಣಗಿದರೆ ನೀರನ್ನೇ ಒಲ್ಲೆ ಅನ್ನಬಹುದು. ತರಗೆಲೆ ಸರಿಸಿ ಒಂದು ಹನಿ ನೀರು ಬಿಡಿ. 5 ಸೆಕೆಂಡ್ ಕಳೆದರೂ ಇಂಗದಿದ್ದರೆ ಮೊದಲ ಮಳೆ ಇಳಿಜಾರಿನಲ್ಲಿ ಹರಿದುಹೋಗುವ ಸಂಭವ ಹೆಚ್ಚು. ಆಗ ಮಳೆಮಾಪಕದ ಅಂಕಿಯನ್ನು ಮಣ್ಣಿನ ಲೆಕ್ಕಕ್ಕೆ ನೇರ ಸೇರಿಸಬೇಡಿ, ಮಳೆಯ ಮರುದಿನ ಮತ್ತೆ ಮಾದರಿ ತೆಗೆಯಿರಿ. ಬಂಡೀಪುರ, ಕುದುರೆಮುಖ ಎರಡೂ ಸಂರಕ್ಷಿತ ಕಾಡು, ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಗುಂಡಿ ತೋಡುವ ಹಾಗಿಲ್ಲ.