ಕೋಚ್‌ಗಳ ಪುಸ್ತಕಕ್ಕೆ ಹಳೆಯ ಫೋಟೊ: ಅನುಮತಿ ಬೇಕಾ?

ನಮಸ್ಕಾರ. ಫುಟ್‌ಬಾಲಿನ ದೊಡ್ಡ ಕೋಚ್‌ಗಳ ಬಗ್ಗೆ ಕನ್ನಡದಲ್ಲಿ ಪುಸ್ತಕ ಬರೆದು ಮುಗಿಸಿದ್ದೇನೆ. ಫರ್ಗುಸನ್, ಬಾಬ್ ಪೈಸ್ಲಿ ಎಲ್ಲ ಇದ್ದಾರೆ. ಆದರೆ ನನಗೆ ಜಾಸ್ತಿ ಇಷ್ಟದ ಅಧ್ಯಾಯ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಅವರದ್ದು. 1951 ಮತ್ತು 1962ರ ಏಷ್ಯನ್ ಗೇಮ್ಸ್‌ನಲ್ಲಿ ಭಾರತ ಚಿನ್ನ ಗೆದ್ದಾಗ ಕೋಚ್ ಅವರೇ. ಎರಡನೆಯ ಸಲ ಮೈಯಲ್ಲಿ ಕ್ಯಾನ್ಸರ್ ಬೇರೆ!

ತೊಡಕು ಫೋಟೊದ್ದು. ಪ್ರಕಾಶಕರು "ಹಕ್ಕು ನೀವೇ ನೋಡಿಕೊಳ್ಳಿ" ಅಂದುಬಿಟ್ಟರು. ನಮ್ಮಲ್ಲಿ ಫೋಟೊ ತೆಗೆದವರು ತೀರಿಕೊಂಡು 60 ವರ್ಷ ದಾಟಿದರೆ ಹಕ್ಕುಸ್ವಾಮ್ಯ ಮುಗಿಯುತ್ತದೆ, ಅಲ್ವಾ? ಆದರೆ ನನ್ನ ಹತ್ತಿರ ಇರುವ 1962ರ ಫೋಟೊ ತೆಗೆದದ್ದು ಜಕಾರ್ತಾದಲ್ಲಿ, ಅಚ್ಚಾದದ್ದು ಇಲ್ಲಿನ ಪತ್ರಿಕೆಯಲ್ಲಿ. ಪತ್ರಿಕೆಗೆ ಎರಡು ಸಲ ಮೇಲ್ ಹಾಕಿದೆ, ಉತ್ತರವೇ ಇಲ್ಲ.

ಇದಕ್ಕೂ ಅದೇ 60 ವರ್ಷದ ಲೆಕ್ಕ ಸಾಕಾ, ಇಲ್ಲ ಅನುಮತಿ ಪತ್ರ ಬೇಕೇ ಬೇಕಾ? ಪುಸ್ತಕ ಮಾಡಿದವರು ದಯವಿಟ್ಟು ತಿಳಿಸಿ.