ಯಾಂಕರ್ಸ್ ಸೇಲ್ಸ್ ಟ್ಯಾಕ್ಸ್ ಅವಧಿ ಮುಂದುವರಿಸಿದರೆ ರೇಟು ಏರುತ್ತಾ?

ಹಡ್ಸನ್ ದಡದವಳು
ನ್ಯೂಯಾರ್ಕ್ ಕಡೆಯವರು ಸ್ವಲ್ಪ ಹೇಳಿ. ನಾವು ಯಾಂಕರ್ಸ್‌ಗೆ ಬಂದು ಒಂದು ವರ್ಷ ಆಯ್ತು. ಈ ಊರು ಹೆಚ್ಚುವರಿ ಸೇಲ್ಸ್ ಟ್ಯಾಕ್ಸ್ ಹಾಕೋಕೆ ಇರುವ ಅಧಿಕಾರವನ್ನು ರಾಜ್ಯ ಆಗಾಗ ಮುಂದುವರಿಸುತ್ತಾ ಇರಬೇಕಂತೆ. ಈಗಲೇ 8.875% ಇದೆ, ಪ್ರತಿ ಸಲ ಇನ್ನೂ ಜಾಸ್ತಿ ಆಗುತ್ತಾ? ಮೊನ್ನೆ ಮಗಳಿಗೆ 80 ಡಾಲರ್ ಶೂ ತಗೊಂಡೆ, ಬಿಲ್ಲಿನಲ್ಲಿ ತೆರಿಗೆ 3 ಡಾಲರ್ 90 ಸೆಂಟ್. ಪಕ್ಕದಲ್ಲೇ ನ್ಯೂಯಾರ್ಕ್ ಸಿಟಿಗೆ ಸೇರಿದ ಬ್ರಾಂಕ್ಸ್‌ನಲ್ಲಿ ಅದೇ ಶೂಗೆ ತೆರಿಗೆಯೇ ಇಲ್ಲ ಅಂತಾರೆ, ನಿಜಾನಾ?

ಲೆಕ್ಕದ ಪುಸ್ತಕ
ನಿಜ ಮೇಡಂ. 110 ಡಾಲರ್‌ಗಿಂತ ಕಡಿಮೆ ಬೆಲೆಯ ಬಟ್ಟೆ, ಚಪ್ಪಲಿ, ಶೂಗೆ ರಾಜ್ಯ ತನ್ನ 4% ಬಿಟ್ಟಿದೆ. ನ್ಯೂಯಾರ್ಕ್ ಸಿಟಿಯೂ ತನ್ನ ಪಾಲು ಬಿಟ್ಟಿದೆ, ಯಾಂಕರ್ಸ್‌ನಲ್ಲಿ ಬಿಟ್ಟಿಲ್ಲ. ಇಲ್ಲಿ ಸ್ಥಳೀಯ ತೆರಿಗೆ 4.5%, ರೈಲು-ಬಸ್ಸಿನ ಪಾಲು 0.375%, ಅದೇ ನಿಮ್ಮ 3.90.

ಅವಧಿ ಮುಂದುವರಿಸೋದು ಅಂದರೆ ಏರಿಸೋದಲ್ಲ. ಸ್ಥಳೀಯ ತೆರಿಗೆ 3% ತನಕ ಯಾರನ್ನೂ ಕೇಳಬೇಕಿಲ್ಲ, ಅದರ ಮೇಲಿನದಕ್ಕೆ ರಾಜ್ಯದ ರಾಜಧಾನಿ ಆಲ್ಬನಿಯಲ್ಲಿ ಕಾನೂನು ಆಗಬೇಕು, ಆ ಕಾನೂನಿಗೆ ಕೊನೆ ದಿನ ಇರುತ್ತೆ. ಮೊದಲು ಊರಿನ ಕೌನ್ಸಿಲ್ ಕೇಳಿಕೊಳ್ಳಬೇಕು, ಆಮೇಲೆ ಎರಡೂ ಸದನ, ಗವರ್ನರ್ ಸಹಿ. ರೇಟು ಕೊನೆಯ ಸಲ ಏರಿದ್ದು 2015ರ ಸೆಪ್ಟೆಂಬರ್‌ನಲ್ಲಿ, ಅರ್ಧ ಪರ್ಸೆಂಟ್.

ಸೊಸೈಟಿ ಮೆಟ್ಟಿಲು
ಆ ಅಧಿಕಾರವನ್ನು ಹೇಗಿದ್ದರೂ ಮುಂದುವರಿಸೇ ಮುಂದುವರಿಸುತ್ತಾರೆ, ಅದಕ್ಕೇ ನನಗೆ ಬೇಜಾರು. ಇಲ್ಲಿ ವಾಸ ಇರುವವರು ರಾಜ್ಯದ ಆದಾಯ ತೆರಿಗೆಯ ಮೇಲೆ 16.75% ಸರ್‌ಚಾರ್ಜ್ ಬೇರೆ ಕಟ್ಟುತ್ತೇವೆ. ಮನೆ ತೆರಿಗೆ ಬೇರೆ. ಕಡಿಮೆ ಸಂಬಳದವರಿಗೂ ಮಗುವಿನ ಶೂ ಬೇಕೇ ಬೇಕು, ಅವರ ಕೈಯಿಂದ ಹೋಗುವ ಆ 3.90 ದೊಡ್ಡದು. ಅಧಿಕಾರ ಕೊಡಲಿ, ಆದರೆ ಬಟ್ಟೆ-ಶೂ ಬಿಡಬೇಕು ಅಂತ ಕೌನ್ಸಿಲ್ ಸಭೆಗೆ ಹೋಗಿ ಕೇಳೋಣ.

ಲೆಕ್ಕದ ಪುಸ್ತಕ
ಶೂ ವಿಷಯದಲ್ಲಿ ನಾನೂ ನಿಮ್ಮ ಜೊತೆ ಸರ್. ಆದರೆ ಪೂರ್ತಿ ನಿಲ್ಲಿಸಿ ಅಂದರೆ ಒಪ್ಪಲ್ಲ. ಇಲ್ಲಿನ ಶಾಲೆಗಳು ತಾವೇ ತೆರಿಗೆ ಹಾಕುವ ಹಾಗಿಲ್ಲ, ಊರಿನ ಬಜೆಟ್ಟಿನಿಂದಲೇ ದುಡ್ಡು ಬರಬೇಕು. ಇಲ್ಲಿನ ಕ್ರಾಸ್ ಕೌಂಟಿ ಶಾಪಿಂಗ್ ಸೆಂಟರ್‌ಗೆ ಬೇರೆ ಊರಿನಿಂದ ಬಂದು ಶಾಪಿಂಗ್ ಮಾಡುವವರೂ ಸೇಲ್ಸ್ ಟ್ಯಾಕ್ಸ್ ಕೊಡುತ್ತಾರೆ. ಅದು ನಿಂತರೆ ಆ ಭಾರ ಮನೆ ತೆರಿಗೆ ಮೇಲೆ ಬೀಳುತ್ತೆ, ಬಾಡಿಗೆಯೂ ಏರುತ್ತೆ.

ಹಡ್ಸನ್ ದಡದವಳು
ಈಗ ಗೊತ್ತಾಯ್ತು, ಇಬ್ಬರಿಗೂ ಥ್ಯಾಂಕ್ಸ್. ಮುಂದಿನ ಕೌನ್ಸಿಲ್ ಸಭೆಗೆ ಆ ಶೂ ಬಿಲ್ಲು ಹಿಡಿದುಕೊಂಡು ನಾನೂ ಬರ್ತೀನಿ.